ಬೆಕ್ಕಿಗೆ ಕೊಟ್ಟ ಮೊಸರು ಸಕ್ಕರೆ

ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಬರುವುದು ಲೋಕರೂಢಿ. ಸೇಡಂನ ನಮ್ಮ ಮನೆಗೆ ಮಾತ್ರ, ಎಲ್ಲಿ ಹುಟ್ಟಿದಳೋ, ಯಾರ ಪೈಕಿಯೋ ಒಂದೂ ತಿಳಿಯದ ಒಬ್ಬಾಕೆ ವರ್ಷಕ್ಕೆರಡು ಸಲ ಹೆರಿಗೆಗೆ ಬರುತ್ತಿದ್ದಳು. ಆಕೆ ಒಂದು ಬೂದು ಬಣ್ಣದ ಬೀದಿ ಬೆಕ್ಕು. ಬರುವುದು, ತೊಗರಿ ಚೀಲಗಳ ಹಿಂದೆ ಜಾಗ ಹಿಡಿಯುವುದು, ನಾಲ್ಕೈದು ಮರಿ ಹಾಕುವುದು. ನನ್ನ ಬಾಣಂತನದಲ್ಲಿ ಅಂಟಿನುಂಡೆಗೆ ಕೊಬ್ಬರಿಯನ್ನು ಕೈ ಬಿಗಿ ಹಿಡಿದು ಹಾಕಿದ ನಮ್ಮ ಅತ್ತೆ ಇವಳಿಗೆ ಬಟ್ಟಲು ತುಂಬ ಕೆನೆಹಾಲು ಇಡುತ್ತಿದ್ದರು. ಹೊಟ್ಟೆಕಿಚ್ಚು ಆಗದೆ ಇರುತ್ತದೆಯೇ, ನೀವೇ ಹೇಳಿ.

ಆದರೆ ಮರಿಗಳು ಬದುಕುತ್ತಿರಲಿಲ್ಲ. ಕಣ್ಣು ಬಿಟ್ಟು ಅಂಗಳಕ್ಕೆ ಇಳಿದವೋ, ಓಣಿಯ ನಾಯಿಗಳ ಬಾಯಿಗೆ. ಹೋದ ಸಲ ಒಂದೂ ಉಳಿಯಲಿಲ್ಲ. ತಾಯಿ ಬೆಕ್ಕು ಚೀಲದ ಸಂದಿಗಳಲ್ಲಿ ಹುಡುಕುತ್ತ ಕೂಗುವುದನ್ನು ಕೇಳಿ ಅತ್ತೆ ಅವತ್ತು ರೊಟ್ಟಿ ಮುಟ್ಟಲಿಲ್ಲ. ನನಗೂ ಅಳು ತಡೆಯಲಾಗಲಿಲ್ಲ. ಇನ್ನೊಮ್ಮೆ ಅದನ್ನು ನೋಡುವ ಶಕ್ತಿ ಮನೆಯಲ್ಲಿ ಯಾರಿಗೂ ಇರಲಿಲ್ಲ. ಪಶು ದವಾಖಾನೆಗೆ ಹೊಸದಾಗಿ ಬಂದ ಡಾಕ್ಟರ್‌ಬಾಯಿ ಬೆಕ್ಕಿಗೂ ಮರಿಯಾಗದ ಆಪರೇಷನ್ ಮಾಡುತ್ತಾರೆಂದು ಕೇಳಿ, ಅದು ಮತ್ತೆ ಬಸುರಾಗುವ ಮೊದಲೇ ಕರೆದೊಯ್ಯುವುದೆಂದು ನಿಶ್ಚಯಿಸಿದೆ.

ಅತ್ತೆ ಹೌಹಾರಿದರು. “ಯವ್ವಾ, ಆಪರೇಷನ್ನಾಗ ಸತ್ತುಗಿತ್ತು ಹೋದ್ರ? ಬೆಕ್ಕು ಕೊಂದ ಪಾಪಕ್ಕ ಬಂಗಾರದ ಬೆಕ್ಕು ಮಾಡಿಸಿ ಕಾಶಿಗಿ ಕೊಡಬೇಕಾಗ್ತದ. ಬಂಗಾರದ ಭಾವ ಏನದ ಗೊತ್ತದೇನು ನಿನಗ?”

“ಸಣ್ಣ ಬೆಕ್ಕು ಮಾಡ್ಸಿದ್ರಾಯ್ತು ತಗೋ ಅವ್ವಾ” ಎಂದರು ನಮ್ಮ ಯಜಮಾನರು, ಪೇಪರಿನಿಂದ ತಲೆ ಎತ್ತದೆ.

ಹಿಂದಿನ ಸಂಜೆಯಿಂದಲೇ ಅದಕ್ಕೆ ಏನೂ ತಿನ್ನಿಸಬಾರದೆಂದು ಡಾಕ್ಟರ್‌ಬಾಯಿ ಕಟ್ಟುನಿಟ್ಟಾಗಿ ಹೇಳಿದ್ದರು. ಕೈತುಂಬ ಪರಚಿಸಿಕೊಂಡು ಹಿಡಿದು ಬಚ್ಚಲಲ್ಲಿ ಕೂಡಿಹಾಕಿದೆ. ಬೆಳಗ್ಗೆ ಮುಚ್ಚಳದ ಬುಟ್ಟಿಯಲ್ಲಿ ಹಾಕಿಕೊಂಡು, ಅತ್ತೆಯನ್ನೂ ಕರೆದುಕೊಂಡು ಆಟೋ ಹತ್ತಿದೆ.

“ಖಾಲಿ ಹೊಟ್ಟಿ ಅದ ಅಲ್ರಿ?” ಎಂದು ಡಾಕ್ಟರ್‌ಬಾಯಿ ಕೇಳಿದರು.

“ನಿನ್ನಿ ಸಂಜಿಯಿಂದ ಒಂದು ತುತ್ತೂ ಕೊಟ್ಟಿಲ್ಲರಿ” ಎಂದು ಎದೆ ಸೆಟೆಸಿ ಹೇಳಿದೆ. ಆಟೋದ ಕುಲುಕಾಟಕ್ಕೋ, ನನ್ನ ಮಾತಿಗೋ, ಬೆಕ್ಕು ಅದೇ ಗಳಿಗೆಗೆ ಬುಟ್ಟಿಯಲ್ಲಿ ಬೆಳ್ಳಗೆ ಕಾರಿಕೊಂಡಿತು.

“ಇದೇನ್ರಿ, ಮೊಸರು?”

ಅತ್ತೆ ಸೆರಗು ಸರಿಮಾಡಿಕೊಂಡರು. “ನಾನೇ ಕೊಟ್ಟೀನ್ರಿ. ಇಷ್ಟು ದೊಡ್ಡ ಕೆಲಸಕ್ಕ ಮನಿ ಬಿಟ್ಟು ಹೊಂಟದ, ಮೊಸರು ಸಕ್ಕರಿ ಕೊಡಲಾರದ ಹ್ಯಾಂಗ ಕಳಸೋದು? ಬಾಜೂ ಮನಿ ಶಾಂತವ್ವನೂ ಒಂದು ಚಮಚ ಕೊಟ್ಟಾಳ. ಒಳ್ಳೇದಾಗ್ಲಿ ಅಂತ.”

ಡಾಕ್ಟರ್‌ಬಾಯಿ ನಗು ನುಂಗಿಕೊಂಡು, “ಅಮ್ಮಾ, ಹೊಟ್ಟಿ ತುಂಬಿದಾಗ ಮಂಪರಿನ ಇಂಜೆಕ್ಷನ್ ಕೊಟ್ರ ವಾಂತಿ ಉಸಿರಿಗಿ ಅಡ್ಡ ಬಂದು ಜೀವಾನೇ ಹೋಗ್ತದ್ರಿ. ಮುಂದಿನ ವಾರ ಬರ್ರಿ” ಎಂದರು. ಅತ್ತೆಯ ಮುಖ ಸಣ್ಣದಾಯಿತು. ದಾರಿಯುದ್ದಕ್ಕೂ ಬುಟ್ಟಿ ತಬ್ಬಿಕೊಂಡು ಕುಳಿತಿದ್ದರು.

ಆ ವಾರ ಓಣಿಯ ಗಂಡುಬೆಕ್ಕೊಂದು ನಮ್ಮ ಮನೆಯ ಸುತ್ತ ಆಲಾಪ ಶುರುಮಾಡಿತು. ಅತ್ತೆ ಕೋಲು ಹಿಡಿದು ಹೊಸ್ತಿಲಲ್ಲೇ ಕುಳಿತರು. ನಾನು ಕಾಲೇಜಿಗೆ ಹೋಗುವಾಗ ನಮ್ಮಪ್ಪ ಕೂಡ ಇಷ್ಟು ಕಾವಲು ಹಾಕಿರಲಿಲ್ಲ. ಎರಡನೆಯ ಸಲ ಹೊರಟಾಗ ಅತ್ತೆ ಬುಟ್ಟಿಯ ಮುಚ್ಚಳಕ್ಕೆ ವಿಭೂತಿ ಹಚ್ಚಿದರು, ಅಷ್ಟೇ. ಬಟ್ಟಲು ಹಿಡಿದು ಬಂದ ಶಾಂತವ್ವನನ್ನು, “ಏ, ಜೀವ ತೆಗೀತೀಯೇನ ಅದರದು!” ಎಂದು ಗದರಿಸಿ ಕಳಿಸಿದರು.

ದವಾಖಾನೆಯ ಹೊರಗೆ ಕುಳಿತ ಹೊತ್ತು ಮುಗಿಯುವಂತೆಯೇ ಇರಲಿಲ್ಲ. ಅತ್ತೆ ನನ್ನ ಕೈ ಹಿಡಿದಿದ್ದರು. ಮದುವೆಯಾದಾಗಿನಿಂದ ಅದೇ ಮೊದಲು. ಕೊನೆಗೆ ಡಾಕ್ಟರ್‌ಬಾಯಿ ಬಂದು, “ಎಲ್ಲಾ ಆರಾಮ ಆಯ್ತರಿ, ಎಚ್ಚರಾನೂ ಆಗ್ಲಿಕತ್ತದ” ಎಂದಾಗ ಹೋದ ಜೀವ ಬಂದಂತಾಯಿತು. ಇನ್ನು ಆ ಹುಡುಕಾಟದ ಕೂಗು ನಮ್ಮ ಮನೆಯಲ್ಲಿ ಕೇಳಿಸುವುದಿಲ್ಲ. ಎಷ್ಟು ಹಗುರಾಯಿತೆಂದರೆ ಆಟೋದಲ್ಲಿ ಇಬ್ಬರೂ ಕಾರಣವಿಲ್ಲದೆ ನಗುತ್ತ ಬಂದೆವು.

ಆಪರೇಷನ್ ಆದವರನ್ನು ಮಾತಾಡಿಸಲು ಬರುವುದು ನಮ್ಮ ಕಡೆಯ ಪದ್ಧತಿ. ಓಣಿಯ ಹೆಂಗಸರು ಬ್ರೆಡ್ಡು ಹಿಡಿದು ಬೆಕ್ಕನ್ನು ನೋಡಲು ಬಂದರು, ಚಹಾ ಕುಡಿದು ತಮ್ಮ ತಮ್ಮ ಆಪರೇಷನ್ ಕಥೆ ಹೇಳಿದರು. ಎಲ್ಲರೂ ಹೋದ ಮೇಲೆ ಅತ್ತೆ ಬೆಕ್ಕಿನ ಹೊಟ್ಟೆಯ ಹತ್ತಿರ ಮುಖ ತಂದು ನೋಡಿದರು. ಅವರ ಕಣ್ಣಿಗೆ ಪೊರೆ ಬಂದು ಬಹಳ ದಿನವಾಗಿತ್ತು. ಆಪರೇಷನ್ ಮಾಡಿಸಿಕೊಳ್ಳಿರೆಂದು ನಾನು ಹೇಳದ ರೀತಿಯಿಲ್ಲ, ಅವರು ಕೇಳಿದವರಲ್ಲ.

“ಎಷ್ಟು ಚಂದ ಹೊಲಿಗಿ ಹಾಕ್ಯಾಳ ನೋಡು. ಕೈಗುಣ ಅಂದ್ರ ಹಿಂಗಿರಬೇಕು. ನನ್ನ ಕಣ್ಣಿಂದೂ ಮಾಡಿಸಿಬಿಡು.”

ನನಗೆ ಸ್ವರ್ಗಕ್ಕೆ ಮೂರೇ ಗೇಣು. “ನಾಳೇನೇ ಕಲಬುರಗಿಗಿ ಹೋಗೋಣ್ರಿ ಅತ್ತಿ!”

“ಕಲಬುರಗಿಗಿ ಯಾಕ? ಈ ಡಾಕ್ಟರ್‌ಬಾಯಿ ಕಡೀನೇ ಮಾಡ್ಸು. ಆಕಿ ಮಾಡಲ್ಲಂದ್ರ ನನಗ ಬ್ಯಾಡೇ ಬ್ಯಾಡ.”

ಎಷ್ಟು ತಿಳಿಹೇಳಿದರೂ ಜಗ್ಗಲಿಲ್ಲ. ಡಾಕ್ಟರ್‌ಬಾಯಿಯೇ ಒಮ್ಮೆ ಮನೆಗೆ ಬಂದು ನಾಲ್ಕು ಮಾತು ಹೇಳಿದರೆ ಒಪ್ಪಿಯಾರೆಂದು, ಮರುದಿನ ಮತ್ತೆ ಪಶು ದವಾಖಾನೆಯ ಬೆಂಚಿನ ಮೇಲೆ ಹೋಗಿ ಕುಳಿತೆ. ಅಕ್ಕಪಕ್ಕ ಎಮ್ಮೆ, ಆಡು ಹಿಡಿದುಕೊಂಡ ಜನ. ಕಂಪೌಂಡರ್ ನನ್ನ ಬರಿಗೈ ನೋಡಿ, “ಅಕ್ಕಾರ, ನಿಮ್ಮ ಪೇಷಂಟ್ ಎಲ್ಲಿ ಅದ್ರಿ?” ಎಂದು ಜೋರಾಗಿ ಕೇಳಿದ.

“ಮನ್ಯಾಗ ಅದಾರ್ರಿ” ಎಂದೆ. “ನಮ್ಮ ಅತ್ತಿ.”