ಜಗಲಿ ಏರಿದ ಕ್ಯಾಮೆರಾ

ಶಿವನ ಕೆಲಸ ಅಂತ ಕೈ ಹಾಕಿದಾಗಲೆಲ್ಲ ನಮ್ಮ ಮನೆಯಲ್ಲಿ ಏನಾದರೊಂದು ಫಜೀತಿ ಆಗದೆ ಬಿಡುವುದಿಲ್ಲ. ಅವನಿಗೂ ಒಮ್ಮೊಮ್ಮೆ ನಗಬೇಕು ಅನ್ನಿಸುತ್ತಿರಬೇಕು ಅಂದುಕೊಂಡು ನಾನು ಸುಮ್ಮನಾಗುತ್ತೇನೆ.

ಹಾನಗಲ್ಲಿನ ನಮ್ಮ ಮನೆಯಲ್ಲಿ ಪ್ರತಿ ಸೋಮವಾರ ಸಂಜೆ ಭಜನೆ. ಹಿರೇಕೆರೂರಿನ ನಮ್ಮ ಅಕ್ಕ ಒಂದು ವಾರವೂ ತಪ್ಪಿಸಿದವಳಲ್ಲ. ಈ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು, ತೊಡೆಯ ಎಲುಬು ಮುರಿದುಕೊಂಡು ಹಾಸಿಗೆ ಹಿಡಿದಳು. "ಕಾಲು ಹೋದ್ರ ಹೋಗ್ಲಿ, ಭಜನಿ ಹೋತಲ್ಲವಾ" ಎಂದು ಫೋನಿನಲ್ಲಿ ಅತ್ತಳು. ಮೊಬೈಲಿನಲ್ಲಿ ವಿಡಿಯೋ ಹಿಡಿಯೋಣವೆಂದರೆ ನಡುವೆ ಯಾರದಾದರೂ ಫೋನ್ ಬಂದು ಶಿವನಾಮ ಅರ್ಧಕ್ಕೇ ನಿಲ್ಲುತ್ತಿತ್ತು. ಕಡೆಗೆ ಒಂದು ಕ್ಯಾಮೆರಾ ಕೊಳ್ಳುವುದೆಂದು ಠರಾವಾಯಿತು. ಅಗ್ಗದ್ದೇ ಇರಲಿ, ಆದರೆ ಅಕ್ಕನಿಗೆ ಎಲ್ಲರ ಮುಖ ಕಾಣಬೇಕು, ದನಿ ಕೇಳಬೇಕು.

೧. ಯಾರ ಮಾರಿ ಹಿಡೀತದ?

ಶಿಗ್ಗಾವಿಯ ಅಂಗಡಿಗೆ ನಾನೂ ನಮ್ಮ ಯಜಮಾನರೂ ಹೋದೆವು.

"ಜೂಮ್ ಎಷ್ಟು ಬೇಕ್ರಿ ಅಕ್ಕಾರ?" ಅಂಗಡಿಯವನು ಕೇಳಿದ.

"ಜೂಮ್ ಅಂದ್ರ?"

"ದೂರಿಂದು ಹತ್ರ ಕಾಣೋದ್ರಿ."

"ಬ್ಯಾಡಪಾ, ನಮ್ಮ ದೇವ್ರು ಹತ್ರನ ಅದಾನ."

ಅವನು ದುಬಾರಿಯದೊಂದು, ಅಗ್ಗದ್ದೊಂದು ಎದುರಿಗಿಟ್ಟ. "ಎರಡೂ ಮನಷ್ಯಾರ ಮಾರಿ ತಾವ ಹುಡುಕಿ ಚೌಕ ಹಾಕ್ತಾವ್ರಿ" ಎಂದು ಯಜಮಾನರನ್ನು ಮುಂದೆ ನಿಲ್ಲಿಸಿದ. ದುಬಾರಿಯದು ಥಟ್ಟನೆ ಅವರ ಮುಖಕ್ಕೆ ಹಸಿರು ಚೌಕ ಹಾಕಿತು. ಅಗ್ಗದ್ದು ಅವರನ್ನು ಬಿಟ್ಟು, ಹಿಂದಿನ ಗೋಡೆಯ ಕ್ಯಾಲೆಂಡರಿನಲ್ಲಿದ್ದ ಶಿವನ ಮುಖಕ್ಕೆ ಹಾಕಿತು. ಇವರು ಎಡಕ್ಕೆ ಸರಿದರು, ಕೈ ಬೀಸಿದರು, ಟೊಪ್ಪಿಗೆ ತೆಗೆದರು. ಚೌಕ ಶಿವನನ್ನು ಬಿಡಲೊಲ್ಲದು.

"ಕಡಿಮಿ ರೇಟಿಂದ್ರಿ, ಒಮ್ಮೊಮ್ಮೆ ಹಿಂಗ ಮಾಡ್ತದ" ಎಂದು ಅಂಗಡಿಯವನು ನಾಚಿದ.

"ಇದನ್ನ ಕೊಡಪಾ" ಅಂದೆ ನಾನು.

ಯಜಮಾನರು ಟೊಪ್ಪಿಗೆ ಹಾಕಿಕೊಳ್ಳುತ್ತ ಅಂದರು: "ಎದುರಿಗೆ ನಿಂತ್ರೂ ನನ್ನ ಕಾಣದಾಕಿ ಮನ್ಯಾಗ ಒಬ್ಬಾಕಿ ಇದ್ಲು. ಇವತ್ತಿನಿಂದ ಇಬ್ಬರಾದ್ರು."

೨. ಕ್ಯಾಮೆರಾದ ಹಣೆ

ಹೊಸ ವಸ್ತು ಮನೆಗೆ ಬಂದರೆ ಪೂಜೆಯಾಗಬೇಕಲ್ಲ. ಪಕ್ಕದ ಮನೆಯ ಮುದುಕಿಯನ್ನು ಓಣಿಯವರೆಲ್ಲ ಆಯಿ ಅನ್ನುತ್ತೇವೆ. ಆಕೆಯೇ ಮುಂದೆ ನಿಂತು ಕ್ಯಾಮೆರಾಕ್ಕೆ ಹೂವು ಏರಿಸಿ, ಹಣೆ ಯಾವುದೆಂದು ತಿರುಗಿಸಿ ನೋಡಿ, ಗುಂಡನೆಯ ಗಾಜಿನ ಮೇಲೆ ಮೂರು ಬೆರಳಿನಿಂದ ವಿಭೂತಿ ಬಳಿದಳು.

ಅವತ್ತು ಹಿಡಿದದ್ದೆಲ್ಲ ಮಸುಕು ಮಸುಕು. ನಾನು ಅಂಗಡಿಗೆ ಫೋನ್ ಮಾಡಿದೆ.

"ಗ್ಲಾಸು ಒರಸ್ರಿ ಅಕ್ಕಾರ."

"ಹಚ್ಚಿದ ವಿಭೂತಿ ಹೆಂಗ ಒರಸೋದಪಾ?"

"ಹಂಗಾರ ವಾರಂಟಿನೂ ಶಿವನ ಹತ್ರನ ಕೇಳ್ರಿ."

ದೇವರ ಮೇಲಿನ ಬಟ್ಟೆಯಿಂದಲೇ ಮೆಲ್ಲಗೆ ಒರೆಸಿ, ಆ ವಿಭೂತಿಯನ್ನು ನನ್ನ ಹಣೆಗೆ ಹಚ್ಚಿಕೊಂಡೆ. ಪಾಪ, ಯಾರಿಗೂ ನಷ್ಟವಾಗಲಿಲ್ಲ.

೩. ಬೆನ್ನಿನ ಭಜನೆ

ಸೋಮವಾರ ಬಂತು. ನಾವೆಲ್ಲ ದೇವರನ್ನು ಕೂಡಿಸಿದ ಜಗಲಿಯ ಕಡೆ ಮುಖ ಮಾಡಿ ಕೂಡುವವರು. ನಮ್ಮ ಮುಖ ಕಾಣಬೇಕೆಂದರೆ ಕ್ಯಾಮೆರಾ ನಮ್ಮ ಮುಂದಿರಬೇಕು. ಇಟ್ಟೆ. ಹಾರ್ಮೋನಿಯಂ ನುಡಿಸುವ ಮಾಸ್ತರರು ಪೆಟ್ಟಿಗೆ ಮುಚ್ಚಿಬಿಟ್ಟರು.

"ದೇವ್ರಿಗೆ ಬೆನ್ನು ಮಾಡಿ ನಿಂದ್ರಸ್ತೀರೇನ್ರಿ ಅದನ್ನ? ಮೊನ್ನೆ ಪೂಜಿ ಬ್ಯಾರೆ ಆಗೇತಿ!"

ಮಾತು ಖರೆ ಅನ್ನಿಸಿತು. ಕ್ಯಾಮೆರಾವನ್ನು ಎಲ್ಲರ ಹಿಂದೆ, ಬಾಗಿಲ ಹತ್ತಿರ ದೇವರಿಗೆ ಮುಖ ಮಾಡಿ ನಿಲ್ಲಿಸಿದೆವು. ಮರುದಿನ ಯಜಮಾನರು ಪೆನ್‌ಡ್ರೈವ್ ಹಿಡಿದು ಬಸ್ಸು ಹತ್ತಿ ಹಿರೇಕೆರೂರಿಗೆ ಹೋಗಿ, ಅಕ್ಕನ ಟಿವಿಗೆ ಸಿಕ್ಕಿಸಿದರು. ಅಕ್ಕನ ಫೋನ್ ಬಂತು.

"ಎಲ್ಲಾರೂ ಯಾಕ ನನಗ ಬೆನ್ನು ಮಾಡಿ ಕುಂತೀರಿ? ನಾ ಏನ್ ತಪ್ಪು ಮಾಡೀನಿ?" ಎಂದು ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು. ಅಷ್ಟರಲ್ಲಿ ಅವಳೇ ಮೂಗು ಸೊರ್ ಎನಿಸಿ ಅಂದಳು: "ಮಾಸ್ತರಿಗೆ ಹೇಳು, ನೆತ್ತಿ ಭಾಳ ಬೋಳಾಗೇತಿ, ಎಣ್ಣಿ ಹಚ್ಚಿಕೊಳ್ಳಲಿ."

೪. ಜಗಲಿಯ ಮೇಲಿಂದ

ಮುಂದಿನ ವಾರ ಮಾಸ್ತರರೇ ದಾರಿ ಹುಡುಕಿದರು. ದೇವರ ಮುಂದಲ್ಲ, ದೇವರ ಪಕ್ಕಕ್ಕೇ ಜಗಲಿಯ ಮೇಲೆ ಇಟ್ಟರೆ ಅವನಿಗೆ ಬೆನ್ನಾಗುವುದಿಲ್ಲ, ಅವನು ನೋಡುವ ಕಡೆಯೇ ಅದೂ ನೋಡುತ್ತದೆ. ಭಜನೆ ಚೆನ್ನಾಗಿ ಆಯಿತು. ಮಂಗಳಾರತಿಯ ಗಡಿಬಿಡಿಯಲ್ಲಿ ಕ್ಯಾಮೆರಾ ಬಂದ್ ಮಾಡುವುದು ಮಾತ್ರ ಮರೆತೆ. ಆಮೇಲೆ ಒಬ್ಬೊಬ್ಬರೇ ಜಗಲಿಗೆ ಬಾಗಿ, ಪಿಸುಮಾತಿನಲ್ಲಿ ತಮ್ಮ ತಮ್ಮ ಬೇಡಿಕೆ ಹೇಳಿಕೊಂಡು ಹೋದರು. ಮರುದಿನ ಪೆನ್‌ಡ್ರೈವ್ ಮತ್ತೆ ಹಿರೇಕೆರೂರಿಗೆ ಹೋಯಿತು.

ಗುರುವಾರ ಆಯಿ ಕಣ್ಣೀರು ಒರೆಸಿಕೊಳ್ಳುತ್ತ ಓಡಿ ಬಂದಳು, ಕೈಯಲ್ಲೊಂದು ರೊಟ್ಟಿ.

"ನೋಡವಾ, ಹಾಳಿಯಂಗ ಐತಿ! 'ಹಲ್ಲಂತೂ ನೀ ಕೊಡಂಗಿಲ್ಲ, ಸೊಸಿಗೆ ತೆಳ್ಳಗ ರೊಟ್ಟಿ ಬಡಿಯೋ ಬುದ್ಧಿನರ ಕೊಡು' ಅಂತ ಸೋಮವಾರ ಬೇಡಿಕೊಂಡಿದ್ದೆ. ಕೊಟ್ಟಾನ!"

ಅವಳು ಅತ್ತ ಹೋದಳೋ ಇಲ್ಲವೋ, ಅಕ್ಕನ ಫೋನ್.

"ಈ ಸಲ ಎಲ್ಲಾರ ಮಾರಿನೂ ಕಂಡ್ವು. ನನಗ ಕೈ ಮುಗದ್ರಿ, ಆರತಿ ಎತ್ತಿದ್ರಿ. ಎಲ್ಲಾರ ಮಾತೂ ಕೇಳಿದ್ವು." ಎಷ್ಟೋ ತಿಂಗಳ ಮೇಲೆ ಅವಳ ದನಿಯಲ್ಲಿ ಹುರುಪಿತ್ತು. "ಆಯಿ ಸೊಸಿ ನಮ್ಮೂರ ಹುಡುಗಿ ಅಲ್ಲೇನು? ಫೋನ್ ಹಚ್ಚಿ ಬೈದೆ."

ನಾನು ಜಗಲಿಯ ಕಡೆ ನೋಡಿದೆ. ಅವನು ಯಾರ ಬಾಯಿಂದ ವರ ಕೊಡಿಸುತ್ತಾನೆಂದು ಕೇಳಲು ನಾವ್ಯಾರು? ಆಯಿಗೆ ನಾನು ಏನೂ ಹೇಳಲಿಲ್ಲ.

ಆಯಿ ಮಾತ್ರ ಓಣಿಗೆಲ್ಲ ಹೇಳಿದಳು. ಮರು ಸೋಮವಾರ ಜಗಲಿಯ ಮುಂದೆ ಸರದಿ ಬಾಗಿಲು ದಾಟಿತ್ತು. ಹತ್ತಿಮತ್ತೂರಿನಿಂದ ಮಗಳ ಮದುವೆಯ ಹರಕೆ ಹೊತ್ತು ಒಬ್ಬ ತಾಯಿಯೂ ಬಂದಿದ್ದಳು. ಮರುದಿನ ಹಾಸಿಗೆಯ ಮೇಲೆ ಎದ್ದು ಕುಳಿತೇ ಅಕ್ಕ ಫೋನ್ ಮಾಡಿದಳು.

"ಉಳಿದದ್ದೆಲ್ಲಾ ಈ ವಾರ ಮುಗಸ್ತೇನಿ. ಹತ್ತಿಮತ್ತೂರಿನಾಕಿಗೆ ಮಾತ್ರ ಹೇಳು, ವರ ಹುಡುಕಾಕ ದೇವರಿಗೆ ಸ್ವಲ್ಪ ಟೈಮ್ ಬೇಕಂತ. ಮತ್ತ ಹುಡುಗಿ ಫೋಟೋ ಕ್ಯಾಮೆರಾಕ್ಕ ಹಿಡಿಯವಾ ಅನ್ನು, ಬರೇ ಬಾಯಿಲೆ ಹೇಳಿದ್ರ ದೇವರಿಗೆ ಹೆಂಗ ಗೊತ್ತಾಗಬೇಕು?"