ನಡುಸಾಲಿನ ಖಾಲಿ ಜಾಗ

ದೆವ್ವಕ್ಕೆ ಹೆದರುವವರಲ್ಲಿ ಎರಡು ಬಗೆ. ಹೆದರುತ್ತೇನೆಂದು ಒಪ್ಪಿಕೊಂಡು ತಾಯತ ಕಟ್ಟಿಸಿಕೊಳ್ಳುವವರು ಒಂದು ಬಗೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವರು ಇನ್ನೊಂದು ಬಗೆ. ನಾನು ಎರಡನೆಯವನು. ತ್ಯಾಮಗೊಂಡ್ಲಿನ ನಮ್ಮ ಶಾಲೆಯಲ್ಲಿ ಮೂಢನಂಬಿಕೆಯ ವಿರುದ್ಧ ವರ್ಷಕ್ಕೊಂದು ಭಾಷಣ ಬಿಗಿಯುವುದು ನನ್ನ ಪಾಲಿನ ಕೆಲಸ. ದಸರಾ ರಜೆ ಮುಗಿದ ಮೇಲೆ ಹೆಡ್‌ಮಾಸ್ಟರು, "ಕೆಡೆಟ್ ತಂಡಾನೂ ನೀವೇ ನೋಡ್ಕೊಳ್ಳಿ ಮೇಷ್ಟ್ರೇ, ಸುಮ್ನೆ ನಿಂತ್ಕೊಂಡಿದ್ರೆ ಸಾಕು" ಎಂದರು. ಸುಮ್ಮನೆ ನಿಲ್ಲುವುದರಲ್ಲಿ ನನಗೆ ಇಪ್ಪತ್ತು ವರ್ಷದ ಅನುಭವವಿದೆ. ಒಪ್ಪಿಕೊಂಡೆ.

ಶನಿವಾರ ಬೆಳಿಗ್ಗೆ ಆರೂವರೆಗೆ ಕವಾಯತು. ಕಲಿಸಲು ಹವಾಲ್ದಾರರೊಬ್ಬರು ಬರುತ್ತಿದ್ದರು. ಮೂವತ್ತೆರಡು ಮಕ್ಕಳು ಮೂರು ಸಾಲಾಗಿ ನಿಲ್ಲುವರು. ಮಂಜಿನಲ್ಲಿ ಮುಖಗಳಿಲ್ಲ, ಬೂಟಿನ ಸದ್ದು ಮಾತ್ರ. ಮೊದಲ ದಿನವೇ ನೋಡಿದೆ: ನಡುವಿನ ಸಾಲಿನಲ್ಲಿ ಎಡದಿಂದ ಎರಡನೆಯ ಜಾಗ ಖಾಲಿ. ಯಾರೋ ಬಂದಿಲ್ಲವೆಂದುಕೊಂಡರೆ ಹಾಜರಿಯಲ್ಲಿ ಎಲ್ಲರೂ ಇದ್ದಾರೆ. ತಂಡ ಹೊರಟಿತು, ಖಾಲಿ ಜಾಗವೂ ಹೊರಟಿತು. ತಂಡ ನಿಂತಿತು, ಅದೂ ನಿಂತಿತು. ಯಾರೂ ಅದರೊಳಗೆ ಕಾಲಿಡಲಿಲ್ಲ.

ಅದರ ಹಿಂದೆಯೇ ನಿಲ್ಲುತ್ತಿದ್ದವಳು ಒಂಬತ್ತನೇ ತರಗತಿಯ ಶಾಹೀನಾ, ಬಸ್ ಸ್ಟ್ಯಾಂಡ್ ಬಳಿಯ ಟೈಲರ್ ಮಗಳು. "ಅಲ್ಲಿ ಯಾರೂ ನಿಲ್ಲಲ್ವೇನಮ್ಮಾ?" ಎಂದು ಕೇಳಿದೆ.

"ಇಲ್ಲ ಸರ್, ಅಲ್ಲಿ ನಿಲ್ಬಾರ್ದು" ಎಂದಳು, ಮಳೆ ಬರುತ್ತಿಲ್ಲ ಎಂದಷ್ಟೇ ಸಹಜವಾಗಿ. ನನ್ನ ಕೈ ಮೇಲಿನ ಕೂದಲು ನಿಮಿರಿತು. ಹವಾಲ್ದಾರರನ್ನು ಕೇಳಬಹುದಿತ್ತು. ಆದರೆ ಮೇಷ್ಟ್ರಿಗೇ ಗೊತ್ತಿಲ್ಲವೆಂದು ಊರಿಗೆಲ್ಲ ತಿಳಿದರೆ ಮರ್ಯಾದೆ ಏನಾಗಬೇಕು!

ಪ್ರಥಮ ಚಿಕಿತ್ಸೆ ಆಯಿತು, ಹಗ್ಗದ ಗಂಟು ಆಯಿತು. ನಕ್ಷೆ ಓದುವುದನ್ನು ಕಲಿಯಲು ಕೆರೆ ಏರಿಯ ಮೇಲೆ ನಡೆದ ದಿನ ಎಳೆಬಿಸಿಲಿತ್ತು. ನೀರಿನ ಮೇಲೆ ಮಕ್ಕಳ ನೆರಳು ಮೂರು ಮೂರಾಗಿ ಸಾಗಿತು. ಒಂದು ಕಡೆ ಮಾತ್ರ ಎರಡು, ನಡುವೆ ಬರಿಯ ಬೆಳಕು. ಆ ವಾರ ನನಗೆ ಊಟ ಸೇರಲಿಲ್ಲ.

ಕೊನೆಗೆ ದೊಡ್ಡ ಅಧಿಕಾರಿಯ ತಪಾಸಣೆ ಬಂತು. ಚೆನ್ನಾಗಿ ನಡೆದವರಿಗೆ ಶಿಬಿರಕ್ಕೆ ಹೋಗುವ ಅವಕಾಶ. ಅದಕ್ಕಾಗಿ ಶಾಹೀನಾ ಮನೆಯ ಮಹಡಿಯ ಮೇಲೂ ಕವಾಯತು ಮಾಡುತ್ತಿದ್ದಳು. ಅವಳಪ್ಪ ಸಮವಸ್ತ್ರವನ್ನು ಮೂರು ಸಲ ಬಿಚ್ಚಿ ಹೊಲಿದಿದ್ದರು. ಅಂದು ಏನೂ ಕೆಡದಿರಲೆಂದು ನಾನು, ಬೂಟಿನ ಲೇಸು ನೋಡುವ ನೆಪದಲ್ಲಿ ಬಗ್ಗಿ, ಪೂಜಾರಿಯಿಂದ ಮಂತ್ರಿಸಿಕೊಂಡು ತಂದಿದ್ದ ನಿಂಬೆಹಣ್ಣನ್ನು ಆ ಜಾಗದಲ್ಲಿಟ್ಟೆ. ಶಾಹೀನಾ ನೋಡಿದಳು.

ಆಜ್ಞೆ ಬಿತ್ತು. ಎಲ್ಲರೂ ಹೆಜ್ಜೆ ಎತ್ತಿದರು. ಶಾಹೀನಾಳ ಬೂಟು ನಿಂಬೆಹಣ್ಣಿನ ಮೇಲೆ ಬಿತ್ತು. ಅವಳು ಜಾರಿ ದೊಪ್ಪನೆ ಬಿದ್ದಳು.

"ಯಾರದಿದು?" ಎಂದು ಅಧಿಕಾರಿ ಗುಡುಗಿದರು.

ನಾನು ಬಗ್ಗಿ ನನ್ನದೇ ಬೂಟಿನ ಲೇಸು ನೋಡತೊಡಗಿದೆ.

"ನಂದೇ ಸರ್. ಜೇಬಿಂದ ಬಿತ್ತು" ಎಂದಳು ಶಾಹೀನಾ. ಶಿಬಿರದ ಪಟ್ಟಿಯಿಂದ ಅವಳ ಹೆಸರು ಹೋಯಿತು. ತಂಡದಿಂದ ಹೊರಬಂದು ನನ್ನ ಪಕ್ಕ ನಿಂತಳು. ತಂಡ ಮತ್ತೆ ಹೊರಟಿತು. ಈಗ ಖಾಲಿ ಜಾಗ ಎರಡು, ಒಂದರ ಹಿಂದೆ ಒಂದು. ತಡೆಯಲಾರದೆ, ಆ ಜಾಗ ಖಾಲಿ ಯಾಕೆಂದು ಹವಾಲ್ದಾರರ ಕಿವಿಯಲ್ಲಿ ಕೇಳಿಯೇಬಿಟ್ಟೆ.

"ಮೂರು ಸಾಲಿಗೆ ಸಮ ಬರ್ಲಿಲ್ಲ ಅಂದ್ರೆ ಕಮ್ಮಿ ಆಗಿದ್ದನ್ನ ಎಡಗಡೆಯಿಂದ ಎರಡನೇ ಜಾಗದಲ್ಲೇ ಬಿಡ್ತೀವಿ. ರೂಲು ಸಾರ್. ಸಾಲಿಗೆ ಹನ್ನೊಂದರಂತೆ ಮೂವತ್ತೆರಡು ಜನಕ್ಕೆ ಒಂದು ಕಮ್ಮಿ. ಈಗ ಎರಡು."

ಮೊದಲನೆಯದು ನಿಯಮದ್ದು. ಎರಡನೆಯದು ನನ್ನ ಕೈಯಾರೆ ಆದದ್ದು. ಅದನ್ನು ನೋಡುತ್ತ ನಿಂತಾಗ ಹುಟ್ಟಿದ ಭಯ ಮೂರು ತಿಂಗಳಲ್ಲಿ ಯಾವ ದೆವ್ವದಿಂದಲೂ ಹುಟ್ಟಿರಲಿಲ್ಲ. ಹೋಗಿ ಅಧಿಕಾರಿಯ ಜೀಪಿನ ಬಾಗಿಲು ಹಿಡಿದು ಎಲ್ಲವನ್ನೂ ಒದರಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವ ಸಬ್ಜೆಕ್ಟು ನಿಮ್ದು?" ಎಂದರು. ಹೇಳಿದೆ. ಪಟ್ಟಿ ತೆಗೆದು ಶಾಹೀನಾಳ ಹೆಸರನ್ನು ಮತ್ತೆ ಬರೆದರು.

"ಅಲ್ಲಾ ಸರ್, ಅದರ ಹಿಂದೆ ನಿಂತೋಳು ನಾನು" ಎಂದು ಶಾಹೀನಾ ಆಮೇಲೆ ನಕ್ಕಳು. "ಹೆದರ್ಕೊಂಡಿದ್ದು ನೀವಾ?"

ಈ ವರ್ಷದ ಮೂಢನಂಬಿಕೆ ಭಾಷಣವನ್ನು ಅವಳಿಗೇ ಒಪ್ಪಿಸಿದ್ದೇನೆ. ನಾನು ಈಗ ಪ್ರತಿ ಶನಿವಾರ ಧೈರ್ಯವಾಗಿ ಸಾಲುಗಳ ನಡುವೆ ಓಡಾಡುತ್ತೇನೆ. ಆ ಒಂದು ಜಾಗದ ಹತ್ತಿರ ಮಾತ್ರ, ನಿಯಮವೆಂದು ಗೊತ್ತಿದ್ದರೂ, ಸ್ವಲ್ಪ ಬಳಸಿಕೊಂಡು ಹೋಗುತ್ತೇನೆ.