ಪ್ರಾರ್ಥನೆಗೆ ಮುಂಚೆ ಅತ್ತೆಯ ತಪಾಸಣೆ

ನಮ್ಮ ಅತ್ತೆಯ ಮುಂದೆ ಪ್ರಾರ್ಥನೆ ಮಾಡಿ ಸುಲಭವಾಗಿ ಪಾರಾದವರು ಕೋಲಾರದಲ್ಲಿ ಯಾರಾದರೂ ಇದ್ದರೆ ಕೈಯೆತ್ತಲಿ! ಅತ್ತೆ ಎಂದರೆ ನಮ್ಮಪ್ಪನ ಅಕ್ಕ, ಆಸ್ಪತ್ರೆಯಲ್ಲಿ ನರ್ಸು. ಎಲ್ಲಿ ನೋವು, ಯಾವಾಗಿಂದ ಎಂದು ರೋಗಿಗಳನ್ನು ಕೇಳಿ ಕೇಳಿ, ಪ್ರಾರ್ಥನೆಯನ್ನೂ ಹಾಗೇ ಒತ್ತಿ ನೋಡುವ ಚಾಳಿ ಬಿದ್ದಿತ್ತು. "ಯಾಕೆ ಕೇಳ್ತಿದೀಯ? ಅದನ್ನ ಹೇಳು ಮೊದ್ಲು" ಎನ್ನುವಳು. ತಾಯಿಯಿಲ್ಲದ ನನ್ನನ್ನು ಸಾಕಿದವಳೂ ಇವಳೇ. ನಾನು ತಪ್ಪಿಸಿಕೊಳ್ಳುವುದಾದರೂ ಹೇಗೆ, ಹೇಳಿ?

ಕ್ಯಾಲನೂರಿನಿಂದ ಹಾಲು ತರುತ್ತಿದ್ದ ಹೆಂಗಸು ಒಮ್ಮೆ ಬಾಗಿಲಲ್ಲೇ ಕೂತು ಅರ್ಜಿ ಹಾಕಿದಳು. "ನರ್ಸಮ್ಮಾ, ನಿಮ್ ದೇವ್ರಿಗೆ ಒಂದ್ ಮಾತು ಹೇಳಿ. ನನ್ ಹಸು ನಮ್ ವಾರಗಿತ್ತಿ ಹಸುಗಿಂತ ಜಾಸ್ತಿ ಹಾಲು ಕೊಡ್ಬೇಕು."

"ನಿಂದು ಜಾಸ್ತಿ ಕೊಡ್ಬೇಕಾ, ಅವಳ್ದು ಕಮ್ಮಿ ಕೊಡ್ಬೇಕಾ?"

ಪಾಪ, ಆಕೆ ನಿಜವಾಗಿಯೂ ಯೋಚಿಸಿದಳು. "ಎರಡೂ ಆದ್ರೆ ಒಳ್ಳೇದಲ್ವಾ? ಅಮ್ಮೋ, ನಿಮ್ ದೇವ್ರು ಇಷ್ಟೆಲ್ಲಾ ಕೇಳ್ತಾನಾ?"

"ದೇವ್ರು ಕೇಳಲ್ಲ. ನಾನ್ ಕೇಳ್ತೀನಿ!"

ಬುಧವಾರ ಸಂಜೆ ನಮ್ಮ ಚರ್ಚಿನವರಲ್ಲಿ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ. ಎಲ್ಲರೂ ಕಣ್ಣು ಮುಚ್ಚಿ ಕೂತು, ಒಬ್ಬರಾದ ಮೇಲೊಬ್ಬರು ಪ್ರಾರ್ಥಿಸಬೇಕು, ಆಮೇಲೆ ಕಾಫಿ. ಒಂದು ಡಿಸೆಂಬರಿನಲ್ಲಿ ಸಭೆಯ ಹಿರಿಯರೊಬ್ಬರು, "ಕರ್ತನೇ, ನಮ್ಮ ಹಾಡಿನ ಮಾಸ್ಟರಿಗೆ ಗಂಟಲು ಕೆಟ್ಟಿದೆ, ಅವರಿಗೆ ದೀರ್ಘ ವಿಶ್ರಾಂತಿ ದಯಪಾಲಿಸು" ಎಂದು ಗದ್ಗದರಾದರು. ಅತ್ತೆ ಕಣ್ಣು ತೆರೆಯದೆಯೇ ಕೇಳಿದಳು: "ದೀರ್ಘ ಅಂದ್ರೆ ಎಷ್ಟು ದಿನ ಬ್ರದರ್? ಕ್ರಿಸ್ಮಸ್ ಕಳಿಯೋವರೆಗಾ?" ಮಾಸ್ಟರು ಮಲಗಿದರೆ ಹಾಡಿಸುವ ಸರದಿ ಈ ಹಿರಿಯರದೇ ಎಂದು ಯಾರಿಗೆ ಗೊತ್ತಿರಲಿಲ್ಲ! ಅಂದು ಆಮೆನ್ ಹೇಳಿದ್ದು ಮಾಸ್ಟರೊಬ್ಬರೇ, ಅದೂ ಆ ಕೆಟ್ಟ ಗಂಟಲಲ್ಲಿ.

ಬೇರೆಯವರನ್ನಷ್ಟೇ ಹೀಗೆ ಹಿಡಿದಿದ್ದರೆ ಜಗಳಗಂಟಿ ಎನ್ನಬಹುದಿತ್ತು. ತನ್ನನ್ನೂ ಬಿಡುತ್ತಿರಲಿಲ್ಲ. ಊಟದ ಮುಂಚೆ, "ನಮ್ಮ ಮೇಟ್ರನ್‌ಗೆ ಒಳ್ಳೇ ಬುದ್ಧಿ ಕೊಡು" ಎಂದು ಶುರುಮಾಡಿ, "ಅಯ್ಯೋ, ಇದು ಸಿಟ್ಟಲ್ಲಿ ಕೇಳಿದ್ದು" ಎಂದು ನಿಲ್ಲಿಸಿಬಿಡುವಳು. ಹುಡುಕುತ್ತಾ ಹೋದರೆ ನಮ್ಮ ಯಾವ ಬೇಡಿಕೆಯ ಬುಡದಲ್ಲಿ ನಾವಿಲ್ಲ? ಅಷ್ಟು ಹೊತ್ತಿಗೆ ಸಾರು ಆರಿರುತ್ತಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿ ಕೆಲಸದ ಆರ್ಡರಿಗೆ ಕಾಯುತ್ತಿದ್ದೆ. "ಅತ್ತೆ, ಮಾಲೂರಿಗೇ ಆಗ್ಲಿ ಅಂತ ಪ್ರಾರ್ಥನೆ ಮಾಡು" ಎಂದೆ.

"ಮಾಲೂರೇ ಯಾಕೆ?"

"ಅಲ್ಲಿಗೆ ರೈಲಿದೆ."

"ಕೋಲಾರಕ್ಕೂ ಇದೆ."

"ಅಲ್ಲಿ ಬಡ ಮಕ್ಕಳಿದಾರೆ."

"ಇಲ್ಲೇ ಪಕ್ಕದ ಹೋಳೂರಲ್ಲಿ ಇರೋರೆಲ್ಲ ಜಮೀನ್ದಾರರಾ?"

ಸಾಕಾಗಿ ಬಾಯಿಬಿಟ್ಟೆ. "ನಿನ್ ಕೈಯಿಂದ ತಪ್ಪಿಸ್ಕೊಂಡು, ಒಂದ್ ರೂಮು ಮಾಡ್ಕೊಂಡು, ನನ್ ಪಾಡಿಗೆ ನಾನಿರ್ಬೇಕು ಅತ್ತೆ!"

"ಹಾಂ, ಇದು ನಿಜ. ಇದನ್ನ ಕೇಳಬಹುದು" ಎಂದಳು ಅತ್ತೆ. ಗೆದ್ದೆ ಎಂದು ನಾನು ಹಿಗ್ಗಿದೆ. ಎಂಥ ದಡ್ಡಿ!

ಆರ್ಡರು ಬಂತು, ಮಾಲೂರಿಗೇ. ಟ್ರಂಕು ಬಸ್ಸಿನ ಮೇಲೇರಿಸುವ ಮುಂಚೆ, "ನಿನ್ ಪ್ರಾರ್ಥನೆಯಿಂದ್ಲೇ ಆಯ್ತು ಅತ್ತೆ" ಎಂದೆ. ಅವಳ ಮುಖ ಸಪ್ಪಗಾಯಿತು.

"ನಾನ್ ಮಾಡ್ಲಿಲ್ಲ ಕಣೇ. ಆರ್ಡರು ಬರ್ದೇ ಇರ್ಲಿ ಅಂತ ದಿನಾ ಕೇಳ್ಕೊಂಡೆ. ನೀನಿಲ್ದೆ ನಂಗಿರೋಕಾಗಲ್ಲ, ಅದಕ್ಕೆ. ಬರೀ ಸ್ವಾರ್ಥ ಅಂತ ಗೊತ್ತಿತ್ತು. ಗೊತ್ತಿದ್ದೂ ಕೇಳ್ದೆ." ಸೆರಗಿನಲ್ಲಿ ಮೂಗೊರೆಸಿಕೊಂಡು, "ಸದ್ಯ, ದೇವ್ರು ಕಿವಿಗೆ ಹಾಕ್ಕೊಳ್ಲಿಲ್ಲ. ನಡಿ, ಹತ್ತು" ಎಂದಳು.

ಕಂಡಕ್ಟರು ಸೀಟಿ ಊದಿದ. ನಾನು ಹತ್ತಲಿಲ್ಲ. ಮುಂದಿನ ಬಸ್ಸಿಗೆ ಒಂದು ಗಂಟೆ ಕಾಯಬೇಕಿತ್ತು. ಆ ಒಂದು ಗಂಟೆ ಕಲ್ಲುಬೆಂಚಿನ ಮೇಲೆ ನನ್ನ ಕೈ ಹಿಡಿದು ಕೂತಿದ್ದಳು. ಬಸ್ಸು ಯಾಕೆ ಬಿಟ್ಟೆ ಎಂದು ಅತ್ತೆ ಕೇಳಲಿಲ್ಲ.